ಶುಕ್ರಿಯ ಸಿಳ್ಳೆ

ಶುಬ್ರಾ ಬಡಾವಣೆಯ ನಮ್ಮ ಕಟ್ಟಡದಲ್ಲಿ ಕೆಳಗೆ ರಿಫಾತನ ರಿಪೇರಿ ಅಂಗಡಿ, ತಾರಸಿಯಲ್ಲಿ ಅವನ ಅಣ್ಣ ಶುಕ್ರಿಯ ಪಾರಿವಾಳದ ಗೂಡು. ನಡುವಿನ ಮಹಡಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವಳು ನಾನು. ಹಾಗಾಗಿ ಮೇಲಿನದೂ ಕೆಳಗಿನದೂ ನನ್ನ ಕಿವಿಗೆ ಬೀಳದೆ ಹೋಗದು. ಸಂಜೆ ಸಿಳ್ಳೆ ಹಾಕಿ ಹಿಂಡನ್ನು ಇಳಿಸಿಕೊಂಡ ಮೇಲೆ ಶುಕ್ರಿ ಬಗ್ಗಿ ಕೂಗುತ್ತಿದ್ದ: "ಬಾರೋ ರಿಫಾತ್, ಟೀ ಕಾಸಿದೀನಿ."

"ಕೆಲಸ ಇದೆ ಕಣಣ್ಣ, ನಾಳೆ ಬರ್ತೀನಿ."

ಆ ನಾಳೆ ಬರಲೇ ಇಲ್ಲ. ಚಳಿಗಾಲದಲ್ಲಿ ಶುಕ್ರಿ ತೀರಿಕೊಂಡ.

ರಿಫಾತನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಇದ್ದದ್ದು ಒಂದು ಪೆಟ್ಟಿಗೆ, ಸಿಗ್ನಲ್ ಜನರೇಟರ್. ಪರದೆಯ ಮೇಲೆ ಎಂಥ ಅಲೆ ಬರೆದುಕೊಟ್ಟರೂ ಅದು ಅಂಥದೇ ವಿದ್ಯುತ್ತನ್ನು ಹೊರಡಿಸುತ್ತದೆ. ಕೆಟ್ಟ ಆಂಪ್ಲಿಫಯರಿಗೆ ಅದನ್ನು ಕೊಟ್ಟು, ಅಲೆ ಎಲ್ಲಿ ಸೊಟ್ಟಗಾಗುತ್ತದೆ ಎಂದು ನೋಡುವುದೇ ಅವನ ಕಸುಬು. ಮನುಷ್ಯರ ಹತ್ತಿರ ನಾಲ್ಕು ಮಾತಾಡಲು ಬಾರದವನು ಅದರ ಗುಂಡಿಗಳ ಜೊತೆ ದಿನ ಕಳೆಯುತ್ತಿದ್ದ. ನನಗೆ ಸಿಟ್ಟೂ ಬರುತ್ತಿತ್ತು, ಅಯ್ಯೋ ಪಾಪ ಎಂದೂ ಅನಿಸುತ್ತಿತ್ತು.

ಅಣ್ಣನ ಹಿಂಡು ಈಗ ಅವನ ತಲೆಗೆ ಬಂತು. ಬೆಳಿಗ್ಗೆ ಕಟ್ಟಡದ ಕಾವಲುಗಾರ ಗೂಡು ತೆರೆದು ಕಾಳು ಸುರಿದು ಹೋಗುತ್ತಿದ್ದ. ಕಷ್ಟವೆಲ್ಲ ಸಂಜೆಯದು. ಎದುರು ತಾರಸಿಯಲ್ಲಿ ಬಯ್ಯೂಮಿ ಹೊಂಚುಹಾಕಿ ಕೂತಿದ್ದ. ಶುಕ್ರಿಗೂ ಅವನಿಗೂ ಹಳೆಯ ಪೈಪೋಟಿ. ಹಕ್ಕಿ ಯಾರ ತಾರಸಿಗೆ ಇಳಿಯಿತೋ ಅವರದು, ವಾಪಸು ಕೇಳುವ ಹಾಗಿಲ್ಲ, ಕೊಡುವ ಹಾಗೂ ಇಲ್ಲ. ಪಾರಿವಾಳ ಸಾಕುವವರ ಕಟ್ಟಳೆ ಅದು.

"ಅಣ್ಣನ ಹಕ್ಕಿ ಒಂದೂ ಆಚೆ ಹೋಗ್ಬಾರ್ದು ಅಕ್ಕ," ಎಂದ ರಿಫಾತ್. "ನಂಗೆ ಸಿಳ್ಳೆ ಹಾಕಕ್ಕೇ ಬರಲ್ಲ."

"ಕಲ್ತ್ಕೊ. ಹಲ್ಲು ಇನ್ನೂ ಇದಾವಲ್ಲ."

ಅವನು ಕಲಿಯಲಿಲ್ಲ, ಸಿಳ್ಳೆಯನ್ನೇ ಅಲೆಯಾಗಿ ಬರೆದ. ನನ್ನನ್ನು ಕೂರಿಸಿಕೊಂಡು ಕೇಳಿಸಿದ, ತಿದ್ದಿದ. "ಕೊನೇಲಿ ಒಡೀತಿತ್ತು ಕಣೋ, ಸಿಗರೇಟು ತಿಂದ ಎದೆ ಅದು," ಎಂದೆ. ಅದನ್ನೂ ಬರೆದ. ಆಮೇಲೆ ಪೆಟ್ಟಿಗೆಯಿಂದ ಬಂದದ್ದು ಶುಕ್ರಿಯ ಉಸಿರೇ. ನಾನು ತಲೆಯೆತ್ತಿ ತಾರಸಿಯ ಕಡೆ ನೋಡಿಬಿಟ್ಟೆ.

ತಾರಸಿಗೆ ಸ್ಪೀಕರ್ ಕಟ್ಟಿಸಿ, ತಂತಿಯನ್ನು ಅಂಗಡಿಗೆ ಇಳಿಸಿಕೊಂಡು, ಕೂತಲ್ಲಿಂದಲೇ ಗುಂಡಿ ಒತ್ತಿದ. ಹಿಂಡು ಪೂರ್ತಿ ಇಳಿಯಿತು.

"ಬಂದ್ವು ಕಣೋ, ಮೇಲ್ ಬಂದು ನೋಡು," ಎಂದು ತಾರಸಿಯಿಂದ ಕೂಗಿದೆ.

"ಕೆಲಸ ಇದೆ ಅಕ್ಕ."

ಕೆಲವು ದಿನ ಹಾಗೇ ನಡೆಯಿತು. ಆಮೇಲೆ ಹಕ್ಕಿಗಳು ಒಂದೊಂದಾಗಿ ಬಯ್ಯೂಮಿಯ ಕಡೆ ಇಳಿಯತೊಡಗಿದವು. ರಿಫಾತ್ ಅಲೆಯಲ್ಲೇ ತಪ್ಪಿದೆ ಎಂದುಕೊಂಡು ಏರಿಸಿದ, ಇಳಿಸಿದ, ಮತ್ತೆ ಬರೆದ. ಏನು ಮಾಡಿದರೂ ಹಿಂಡು ಕರಗುತ್ತಲೇ ಹೋಯಿತು. ಕೊನೆಗೆ ಮರ್ಯಾದೆ ಬದಿಗಿಟ್ಟು, ಬೀದಿಯಲ್ಲಿ ಬಯ್ಯೂಮಿಯನ್ನೇ ನಿಲ್ಲಿಸಿ ಕೇಳಿದ. ಬಯ್ಯೂಮಿ ನಗಲಿಲ್ಲ.

"ಸಿಳ್ಳೆ ಸರಿಯಾಗೇ ಇದೆ ಮೇಸ್ತ್ರಿ. ಮೊದಲ ದಿನ ನಾನೇ ಎದ್ದು ನಿಂತ್ಬಿಟ್ಟೆ. ಆದ್ರೆ ಸಿಳ್ಳೆ ಅಂದ್ರೆ ಊಟಕ್ಕೆ ಕರಿಯೋದು. ಶುಕ್ರಿ ಕೈತುಂಬ ಕಾಳು ಹಿಡ್ಕೊಂಡು ಕರೀತಿದ್ದ. ನೀನು ಕರೀತೀಯ, ಅಲ್ಲಿ ಬಂದು ನೋಡಿದ್ರೆ ಕಾಳೂ ಇಲ್ಲ, ಆಳೂ ಇಲ್ಲ. ಎಷ್ಟು ದಿನ ಅಂತ ಬರ್ತಾವೆ?"

ಆ ಸಂಜೆ ರಿಫಾತ್ ಜೇಬು ತುಂಬ ಜೋಳ ಹಾಕಿಕೊಂಡು, ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು ಮೆಟ್ಟಿಲು ಹತ್ತಿದ. ನಾನು ಟೀ ಹಿಡಿದು ಹಿಂದೆ ಹೋದೆ. ಸಿಳ್ಳೆ ಮೊಳಗಿತು, ಅವನು ಕಾಳು ಎರಚಿದ. ಉಳಿದಿದ್ದ ಹಕ್ಕಿಗಳು ನಮ್ಮ ತಲೆಯ ಮೇಲೆ ಸುತ್ತು ಹಾಕಿ ಎದುರು ತಾರಸಿಗೇ ಇಳಿದವು. ಬಯ್ಯೂಮಿ ಕರೆದಿರಲಿಲ್ಲ, ಕೈಕಟ್ಟಿ ನಿಂತಿದ್ದ. ಅವನಾದರೂ ಏನು ಮಾಡಿಯಾನು.

ರಿಫಾತ್ ಪೆಟ್ಟಿಗೆ ಆರಿಸಿದ. ಗೂಡಿನ ಪಕ್ಕದಲ್ಲಿ ಎರಡು ಬೆತ್ತದ ಕುರ್ಚಿಗಳಿದ್ದವು. ಒಂದು ಕೂತು ಕೂತು ಜೋತುಬಿದ್ದಿತ್ತು. ಇನ್ನೊಂದರ ಬೆತ್ತ ಒಂದೆಳೆಯೂ ಸಡಿಲವಾಗಿರಲಿಲ್ಲ.

"ಇದರಲ್ಲಿ ಯಾರು ಕೂರ್ತಿದ್ರು?" ಎಂದು ಕೇಳಿದ.

"ಯಾರೂ ಇಲ್ಲ. ಅದು ನಿಂದು," ಎಂದೆ.