ಫ್ರಿಜ್ಜಿನಲ್ಲಿ ಮಲಗಿದ್ದ ಯೀಸ್ಟು

ಬಾಟಲಿ ಒಡೆಯಬಹುದಿತ್ತು. ಕರೆಂಟು ಹೋಗಿ ಫ್ರಿಜ್ಜು ಬೆಚ್ಚಗಾಗಬಹುದಿತ್ತು. ನನ್ನ ಹೆಂಡತಿ ಮಜ್ಜಿಗೆಯೆಂದು ಸಾರಿಗೆ ಸುರಿಯಬಹುದಿತ್ತು. ಗಲ್ಫಿನ ಅಲ್ ಕುಸೈಸಿನಲ್ಲಿ ನಮ್ಮ ಎದುರು ಫ್ಲ್ಯಾಟಿನವರು ರಜೆಗೆ ಮಂಗಳೂರಿಗೆ ಹೊರಟಾಗ ಆ ಬಾಟಲಿಯನ್ನು ನನ್ನ ಕೊರಳಿಗೆ ಕಟ್ಟಿದ್ದರು. ಅವರ ಅಪ್ಪ ಊರಿನಲ್ಲಿ ಬಿಯರ್ ಮಾಡಲು ಸಾಕಿದ್ದ ಯೀಸ್ಟಿನ ಗಸಿ ಅದು. ಅಪ್ಪನೂ ಇಲ್ಲ, ಬೇರೆ ಬಾಟಲಿಯೂ ಇಲ್ಲ. ಇಲ್ಲಿ ಬಿಯರ್ ಮಾಡುವಂತಿಲ್ಲ. ಬ್ರೆಡ್ಡಿಗೆ ಹಾಕುತ್ತ ಅದರ ಜೀವ ಉಳಿಸಿದ್ದರು.

"ಸತ್ತದ್ದಲ್ಲ ಮಾರಾಯ್ರೆ, ಮಲಗಿದ್ದು ಅಷ್ಟೆ," ಎನ್ನುತ್ತಿದ್ದರು, ಬಾಟಲಿಯನ್ನು ಕಿವಿಗೆ ಹಿಡಿದು. ಊರಿನಿಂದಲೂ ದಿನಾ ಫೋನು: "ಮಲಗಿದೆಯಲ್ಲ? ಅಲುಗಿಸಬೇಡಿ."

ನಾನು ಗಳಿಗೆಗೊಮ್ಮೆ ಫ್ರಿಜ್ಜಿಗೆ ಇಣುಕುತ್ತಿದ್ದೆ. "ನಮ್ಮ ಮಗುವನ್ನೂ ಹೀಗೆ ಕಾದವರಲ್ಲ ನೀವು," ಎಂದು ಹೆಂಡತಿ ಚುಚ್ಚಿದಳು.

ಆಗಸ್ಟಿನಲ್ಲಿ ಅವರು ಏರ್‌ಪೋರ್ಟಿನಿಂದ ನೇರ ನಮ್ಮ ಅಡುಗೆಮನೆಗೇ ಬಂದರು. "ಯಲ್ಲಾ, ಬನ್ನಿ, ಎಬ್ಬಿಸುವ!" ಗಸಿಯನ್ನೆಲ್ಲ ಲೋಟಕ್ಕೆ ಸುರಿದು ಸಕ್ಕರೆ ಹಾಕಿದರು. ಊರಿನ ಬಾವಿನೀರಿಗೆ ಒಗ್ಗಿದ್ದ ಕೈ, ಇಲ್ಲಿ ಬೇಸಿಗೆಯಲ್ಲಿ ನೀರು ಹಿಡಿದಿಟ್ಟು ತಣಿಸಬೇಕೆಂಬುದನ್ನು ಮರೆತು, ತಣ್ಣೀರಿನ ನಲ್ಲಿ ತಿರುಗಿಸಿತು. ನಾನು "ಅಯ್ಯೋ" ಎನ್ನುವಷ್ಟರಲ್ಲಿ, ತಾರಸಿಯ ಟ್ಯಾಂಕಿನಲ್ಲಿ ಇಡೀ ದಿನ ಕಾದ ನೀರು ಅಪ್ಪನ ಯೀಸ್ಟನ್ನು ಬೇಯಿಸಿಬಿಟ್ಟಿತ್ತು.