ಬಾಡಿಗೆ ಹೇಳಲಾರದ ಬಾಯಿ

ಇವತ್ತು ಬೆಳಿಗ್ಗೆ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದೆ ನೋಡಿ, ಶೇಂಗಾ ಚಟ್ನಿಪುಡಿಯ ಬೆಳ್ಳುಳ್ಳಿ ಘಮ ಗರಾಜಿನವರೆಗೂ ಹೋಯಿತು. ನಮ್ಮ ಬಾಡಿಗೆದಾರರಾದ ರಜಿಯಾ ಆಂಟಿಯ ಡಬ್ಬಿ ಬಂತೆಂದರೆ ಕರಾರು ಮುಂದುವರಿಸುವ ಕಾಲ ಬಂತೆಂದು ಅರ್ಥ. ಬಾಡಿಗೆದಾರರ ಫೋನು ಬಂದರೆ ಹೆದರುವ ಮಾಲೀಕರಿದ್ದಾರೆ. ನಾನು ಚಟ್ನಿಪುಡಿಗೇ ಹೆದರುತ್ತೇನೆ.

ಷಿಕಾಗೊ ಹತ್ತಿರದ ನೇಪರ್‌ವಿಲ್‌ನಲ್ಲಿ ನಮ್ಮದೊಂದು ಹಳೆಯ ಪುಟ್ಟ ಮನೆಯಿದೆ. ಮಾರಲು ಹೆದರಿ ಉಳಿಸಿಕೊಂಡದ್ದು. ಬಾಡಿಗೆಗೆ ಕೊಡಲೂ ಹೆದರಿಕೆಯೇ, ಅದಿರಲಿ. ಕೆಲವು ವರ್ಷಗಳ ಹಿಂದೆ ಅದನ್ನು ನೋಡಲು ಹುಬ್ಬಳ್ಳಿಯ ರಜಿಯಾ ಆಂಟಿ ಬಂದರು. ಷಿಕಾಗೊದಲ್ಲಿ ಗಂಡನ ಜೊತೆ ಹೊಲಿಗೆ ಅಂಗಡಿ ನಡೆಸಿದವರು, ಈಗ ಒಬ್ಬರೇ.

"ಮಗಳ ಮನಿಗೆ ನಡಕೊಂಡ ಹೋಗಬಹುದಲ್ಲಪ್ಪ! ನನಗ ಡ್ರೈವ್ ಮಾಡಾಕ ಬರಂಗಿಲ್ಲ."

"ಮಗಳ ಜೊತೆಗೇ ಇರಬಹುದಲ್ಲ ಆಂಟಿ?"

"ಅಳಿಯನ ಮನ್ಯಾಗ ಟಿವಿ ರಿಮೋಟ್ ನನ್ನ ಕೈಗೆ ಸಿಗಂಗಿಲ್ಲ."

ಅವರ ಬಳಿ ಸರ್ಕಾರದ ವಸತಿ ವೋಚರ್ ಇತ್ತು. ಬಾಡಿಗೆಯಲ್ಲಿ ಆದಾಯಕ್ಕೆ ತಕ್ಕ ಪಾಲು ಅವರದು, ಉಳಿದದ್ದು ಸರ್ಕಾರದ್ದು. ಆ ಬಾಡಿಗೆಗೊಂದು ಮಿತಿ, ಅದೂ ನಮ್ಮ ಪಿನ್‌ಕೋಡಿನಂಥ ಜಿಪ್ ಕೋಡಿಗೊಂದರಂತೆ: ಅವರ ಹಳೆಯ ಬಡಾವಣೆಗೆ ಕಡಿಮೆ, ನಮ್ಮ ಕಡೆಗೆ ಹೆಚ್ಚು, ದೊಡ್ಡ ರಸ್ತೆ ದಾಟಿದರೆ ಮತ್ತೆ ಬೇರೆ. ನಮ್ಮ ಮನೆ ರಸ್ತೆಯ ಯಾವ ಮಗ್ಗುಲಿಗೆ ಬೀಳುತ್ತದೆಂದು ಮ್ಯಾಪನ್ನು ಹಿಗ್ಗಿಸಿ ಹಿಗ್ಗಿಸಿ ಕಣ್ಣು ನೋಯಿಸಿಕೊಂಡಿದ್ದೆ. ಪುಣ್ಯಕ್ಕೆ ಹೆಚ್ಚಿನ ಮಗ್ಗುಲಿಗೇ ಬಿದ್ದಿತ್ತು. ನಾನು ಕೇಳಬೇಕೆಂದಿದ್ದ ಬಾಡಿಗೆ ಮಿತಿಯೊಳಗೇ ಇತ್ತು. ಬಾಯಿಬಿಟ್ಟು ಹೇಳುವುದಷ್ಟೇ ಬಾಕಿ.

"ಬಾಡಿಗಿ ಎಷ್ಟ ಹೇಳ್ತಿ ತಮ್ಮಾ?"

ತಾಯಿ ವಯಸ್ಸಿನವರು, ನಮ್ಮ ಕಡೆಯವರು. ಮುಖಕ್ಕೆ ಹೇಗೆ ಹೇಳುವುದು? ನನ್ನ ಮೈಸೂರು ಬಾಯಿ ತಾನೇ ಮಾತಾಡಿತು: "ಅಯ್ಯೋ, ಅದನ್ನ ಆಮೇಲೆ ನೋಡೋಣ ಬಿಡಿ ಆಂಟಿ. ಮೊದ್ಲು ಕಾಫಿ ಕುಡೀರಿ."

ಕಾಫಿ ಕುಡಿದು ಹೋದ ಆಂಟಿಯ ಸುದ್ದಿಯೇ ಇಲ್ಲ. ಅಡುಗೆಮನೆ ಕಿರಿದಾಯಿತೇನೋ, ನಲ್ಲಿಯ ಸದ್ದು ಕೇಳಿಸಿತೇನೋ ಎಂದು ನಾನು ಕೊರಗಿದೆ. ಕೊನೆಗೆ ನನ್ನ ಹೆಂಡತಿಯೇ ಫೋನು ಮಾಡಿ ಸ್ಪೀಕರಿಗೆ ಹಾಕಿದಳು.

"ನಿಮ್ಮ ಯಜಮಾನ್ರು ಇಲ್ಲ ಅಂದ್ರಲ್ಲವ್ವಾ! ವೋಚರ್ ಅಂದಕೂಡ್ಲೆ ಎಲ್ಲಾರೂ ಹಂಗ ಅಂತಾರ, ಆಮ್ಯಾಲ ನೋಡೂಣು ಅಂತ. ಇನ್ನೊಂದು ವಾರದಾಗ ಮನಿ ಸಿಗಲಿಲ್ಲಂದ್ರ ವೋಚರೂ ಹೋಗತೈತಿ."

ನನ್ನ ಮರ್ಯಾದೆ ಆ ಕಿವಿಗೆ ನಿರಾಕರಣೆಯಾಗಿ ತಲುಪಿತ್ತು!

ಹೆಂಡತಿ ಫೋನನ್ನು ನನ್ನ ಮೂಗಿಗೇ ಹಿಡಿದಳು. "ಹೇಳ್ರೀ! ರಾತ್ರಿ ಹಗಲು ನನ್ನ ಹತ್ರ ಜಪ ಮಾಡ್ತೀರಲ್ಲ, ಅದೇ ನಂಬರ್ರು!"

ಕಣ್ಣು ಮುಚ್ಚಿ ಹೇಳಿಬಿಟ್ಟೆ.

"ಇಷ್ಟ ಹೇಳಾಕ ಕಾಫಿ ಯಾಕ ದಂಡ ಮಾಡಿದಿ?" ಎಂದರು ಆಂಟಿ. ಮರುದಿನವೇ ವೋಚರ್ ಕಚೇರಿಗೆ ಓಡಿದೆ. ಗಡುವಿನೊಳಗೆ ಒಪ್ಪಿಗೆ ಬಂತು. ರಿಮೋಟು ಆಂಟಿಯ ಕೈಗೆ ಬಂತು.

ಆದರೂ ಪ್ರತಿ ವರ್ಷ ಬಾಡಿಗೆ ಹೇಳುವ ಹೊತ್ತಿಗೆ ನಾನು ಹವಾಮಾನ, ಮೊಮ್ಮಕ್ಕಳು, ಮಂಡಿನೋವು ಎಲ್ಲವನ್ನೂ ಸುತ್ತಿಬರುತ್ತಿದ್ದೆ. ಇವತ್ತು ಹಾಗಾಗಬಾರದೆಂದು, ಚಟ್ನಿಪುಡಿ ಇನ್ನೂ ನಾಲಿಗೆಯ ಮೇಲಿರುವಾಗಲೇ ಫೋನು ಮಾಡಿ, ಅವರು "ಹಲೋ" ಎಂದದ್ದೇ ತಡ, ಹೊಸ ಬಾಡಿಗೆಯನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ.



"ಅಲ್ಲೋ ತಮ್ಮಾ, ಮೊದಲ ಹೆಂಗದೀರಿ ಆಂಟಿ ಅಂತ ಕೇಳೂದಿಲ್ಲೇನು?"