ತಗಡಿನಾಚೆಯ ಒಲೆ

೧೯೮೦ರ ಫೆಬ್ರವರಿ. ನಾನಾಗ ಒಂದು ಸಂಶೋಧನಾಲಯದಲ್ಲಿ ಕಿರಿಯ ಎಂಜಿನಿಯರ್. ಪೂರ್ಣ ಸೂರ್ಯಗ್ರಹಣಕ್ಕೆ ಹತ್ತು ದಿನ ಮೊದಲೇ ರುಬಿಡಿಯಂ ಪರಮಾಣು ಗಡಿಯಾರವೊಂದನ್ನು ಒಪ್ಪಿಸಿ ನನ್ನನ್ನು ಮುಂಡರಗಿ ತಾಲ್ಲೂಕಿನ ಡೋಣಿಗೆ ಕಳಿಸಿದರು. ಬಿಸಿಲು ಮರೆಯಾದಾಗ ಮೇಲಿನ ವಾಯುಮಂಡಲ ಬದಲಾಗಿ, ದೂರದ ರೇಡಿಯೋ ಸಂಕೇತ ಕೆಲವು ಮೈಕ್ರೋಸೆಕೆಂಡು, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಕೆಲವೇ ಪಾಲು, ತಡವಾಗಿ ಬರುತ್ತದೆ. ಅದನ್ನು ಅಳೆಯುವುದು ನಮ್ಮ ಕೆಲಸ. ಗಡಿಯಾರವೇ ಅಷ್ಟು ತಪ್ಪಿದರೆ ಎರಡು ವರ್ಷದ ತಯಾರಿ ಮಣ್ಣುಪಾಲು.

ಗಂಗವ್ವ ಎಂಬ ಹಿರಿಯರ ಪಡಸಾಲೆಯಲ್ಲಿ, ತಗಡಿನ ಮರೆಯ ಪಕ್ಕ, ಗಡಿಯಾರ ಇಟ್ಟೆ. ನನ್ನ ಊಟವೂ ಅವರಲ್ಲೇ. ತಾಲೀಮಿನ ಮೊದಲ ದಿನದಿಂದಲೇ ಒಂದು ಪೀಡೆ ಗಂಟುಬಿತ್ತು. ಮಧ್ಯಾಹ್ನ ಮೂರಾದರೆ ಸಾಕು, ಸಂಕೇತವನ್ನು ಗಡಿಯಾರದೊಂದಿಗೆ ಹೋಲಿಸಿ ಯಂತ್ರದ ಪೆನ್ನು ಕಾಗದದ ಮೇಲೆ ಎಳೆಯುವ ಗೆರೆ ಬಾಗುತ್ತಿತ್ತು. ಗ್ರಹಣವೂ ಅದೇ ಹೊತ್ತಿಗೆ! ಕೇಬಲ್ ಬದಲಿಸಿದೆ, ಬ್ಯಾಟರಿ ಬದಲಿಸಿದೆ, ಬೀದಿಯಲ್ಲಿ ಹೋಗುವ ಚಕ್ಕಡಿಯ ಕಬ್ಬಿಣದ ಮೇಲೂ ಗುಮಾನಿಪಟ್ಟೆ. ನೀರು ಕೊಡಲು ಬಂದ ಗಂಗವ್ವನ ಮೇಲೇ ಹರಿಹಾಯ್ದೆ: "ಒಳಗೆ ಕಾಲಿಡಬೇಡಿ!"

ತಾಲೀಮಿನ ಆರನೆಯ ದಿನ, ಬಿದ್ದ ಸ್ಕ್ರೂ ಹುಡುಕುವಾಗ ಕೈ ತಗಡಿಗೆ ತಗುಲಿ ಚುರ್ ಎಂದಿತು. ಆಚೆ ಅಡುಗೆಮನೆ. ಮೂರಕ್ಕೆ ಗಂಗವ್ವ ರೊಟ್ಟಿಗೆ ಒಲೆ ಹಚ್ಚುತ್ತಿದ್ದರು, ಅದೂ ನನ್ನ ಊಟಕ್ಕೇ. ಆ ಕಾವಿಗೇ ಗಡಿಯಾರ ತಪ್ಪುತ್ತಿತ್ತು.

ಗ್ರಹಣದ ದಿನ ಹೇಗೂ ಆ ಹೊತ್ತಿನಲ್ಲಿ ಒಲೆ ಹಚ್ಚುವುದಿಲ್ಲ, ಸದ್ಯ ಬದುಕಿದೆ ಅಂದುಕೊಂಡೆ. ಮರುಕ್ಷಣವೇ ಹಳೆಯ ಕಾಗದಗಳನ್ನೆಲ್ಲ ತಿರುವಿ ಹಾಕಿದೆ. ಒಲೆಯಿಲ್ಲದ ಮಧ್ಯಾಹ್ನ ಗಡಿಯಾರ ಹೇಗೆ ನಡೆಯುತ್ತದೆಂಬ ದಾಖಲೆ ನನ್ನಲ್ಲಿ ಒಂದೂ ಇರಲಿಲ್ಲ. ಅದಿಲ್ಲದೆ, ಗೆರೆ ಬಾಗಿದ್ದು ಆಕಾಶದಿಂದಲೇ ಎಂದು ಯಾರು ನಂಬುತ್ತಾರೆ? ಗಡಿಯಾರ ಸರಿಸಿದರೆ ಮತ್ತೆ ಸ್ಥಿರವಾಗಲು ದಿನಗಳೇ ಬೇಕು. ಗ್ರಹಣಕ್ಕೆ ಮುಂಚೆ ಉಳಿದದ್ದು ಮೂರೇ ದಿನ.

ನಾಚಿಕೆ ನುಂಗಿಕೊಂಡು, ಮೂರು ದಿನ ಒಲೆ ಹಚ್ಚಬೇಡಿ ಎಂದು ಕೇಳಿದೆ. ಗಂಗವ್ವ ನಕ್ಕರು.

"ಬೈದವ್ರೂ ನೀವ, ಕೇಳಾವ್ರೂ ನೀವ! ಇರ್ಲಿ ಬಿಡ್ರಿ, ನಿಮ್ಮ ಗಡಿಯಾರಕ್ಕ ಮೂರ ದಿನ ಮೊದ್ಲ ಗ್ರಹಣ ಹಿಡೀಲಿ. ಮಾಡಿಟ್ಟ ಕಟಕ ರೊಟ್ಟಿ ಅದಾವು, ಶೇಂಗಾ ಚಟ್ನಿ ಐತಿ. ಸಾಯಂಗಿಲ್ಲ ತಗೋರಿ."

ಗ್ರಹಣದಲ್ಲಿ ಗಾಳಿ ತಣ್ಣಗಾದರೂ ಗಡಿಯಾರಕ್ಕೆ ತೊಂದರೆ ಎಂದೆ. ಒಂದು ದಪ್ಪ ಕೌದಿ ತಂದು ಹೊಸ್ತಿಲಾಚೆಯಿಂದಲೇ ಚಾಚಿದರು. ಅದನ್ನು ಗಡಿಯಾರಕ್ಕೆ ಹೊದಿಸಿದೆ.

ಮೂರು ಮಧ್ಯಾಹ್ನವೂ ಗೆರೆ ನೆಟ್ಟಗಿತ್ತು. ಗ್ರಹಣದಂದು ಬಾಗಿತು, ಬಿಸಿಲು ಮರಳಿದಂತೆ ಮೊದಲಿನ ಜಾಗಕ್ಕೆ ಬಂತು. ಸಂಶೋಧನಾಲಯಕ್ಕೆ ಮರಳಿದ ಮೇಲೆ ನಮ್ಮ ಮುಖ್ಯಸ್ಥರು ನಾಲ್ಕೂ ದಿನದ ಕಾಗದಗಳನ್ನು ಪಕ್ಕಪಕ್ಕ ಹರವಿ, "ಇದು ಆಕಾಶದ್ದೇ ಕಣಯ್ಯಾ" ಎಂದರು. ನಾನು ಅತ್ತೇಬಿಟ್ಟೆ.

ವರದಿಯಲ್ಲಿ "ಕೋಣೆಯ ತಾಪಮಾನ ಸ್ಥಿರವಾಗಿತ್ತು" ಎಂದಷ್ಟೇ ಬರೆದೆ. ಆಮೇಲೆ ನಿವೃತ್ತನಾಗುವವರೆಗೂ, ಯಾವ ಊರಿಗೆ ಹೋದರೂ ಉಪಕರಣ ಇಳಿಸುವ ಮೊದಲು ಗೋಡೆಯಾಚೆ ಯಾರಿದ್ದಾರೆಂದು ಹೋಗಿ ಮಾತಾಡಿಸಿ ಬರುತ್ತಿದ್ದೆ. ಅದನ್ನು ಕಲಿಸಿದ್ದು ಗ್ರಹಣದ ದಿನದ ಸಂಜೆ. ಗ್ರಹಣ ಬಿಟ್ಟ ಮೇಲೆ ಸ್ನಾನ ಮಾಡಿ ಬಂದ ಗಂಗವ್ವ ಅದೇ ಹೊಸ್ತಿಲಾಚೆ ನಿಂತಿದ್ದರು.

"ಸಾಹೇಬ್ರ, ಈಗ ಒಲಿ ಹಚ್ಚಲೇನ್ರಿ?"

ತಮ್ಮ ಮನೆಯ ಒಲೆ ಹಚ್ಚಲು ಅವರು ನನ್ನ ಅಪ್ಪಣೆ ಕೇಳುತ್ತಿದ್ದರು.